ಡಾಕ್ಟರಿಲ್ಲದ ಉಪಕೇಂದ್ರದಿಂದ ರೋಗಿ ಸಮಾಧಾನದಿಂದ ಹೋಗಬೇಕಾದರೆ

ನರ್ಸಿಂಗ್ ಮುಗಿಸಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೊಸದಾಗಿ ಬಂದವರು ದಿನಾ ಕೇಳುವ ಮಾತು ಒಂದೇ: ‘ಡಾಕ್ಟರ್ ಇಲ್ಲೇನ್ರಿ?’ ಸಿಂಧನೂರು ತಾಲ್ಲೂಕಿನ ಕಾಲುವೆ ಭಾಗದಲ್ಲಿ ಇದೇ ಕೆಲಸ ಮಾಡುವ ನಾನು ಹೇಳುವುದಿಷ್ಟು: ನೇರವಾಗಿ ಉತ್ತರ ಕೊಡಿ. ‘ಇಲ್ಲ ಯಮ್ಮಾ, ನಾನು ನರ್ಸಿಂಗ್ ಓದಿದಾಕಿ. ಬಿಪಿ, ಶುಗರ್ ನೋಡ್ತೀನಿ, ಸಣ್ಣಪುಟ್ಟ ಜಡ್ಡಿಗೆ ಗುಳಿಗಿ ಕೊಡ್ತೀನಿ. ನನ್ನ ಕೈಲಿ ಆಗಲಾರದ್ದು ಇದ್ರ ಡಾಕ್ಟರಿಗೆ ತೋರಸ್ತೀನಿ.’ ಡಾಕ್ಟರಮ್ಮ ಅಂತ ಕರೆದರೆ ಅಲ್ಲೇ ತಿದ್ದಿ. ಮೊದಲೇ ತಿಳಿದವರಿಗೆ ಮುಂದೆ ‘ತಾಲ್ಲೂಕು ಆಸ್ಪತ್ರೆಗೆ ಹೋಗ್ರಿ’ ಎಂದಾಗ ಕೈಬಿಟ್ಟರು ಅನ್ನಿಸುವುದಿಲ್ಲ.

ಡಾಕ್ಟರಲ್ಲ ಎಂದ ಮಾತ್ರಕ್ಕೆ ನಮ್ಮ ಆರೈಕೆ ಕಡಿಮೆಯದಲ್ಲ. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರ ಬದಲು ತರಬೇತಿ ಪಡೆದ ನರ್ಸ್‌ಗಳು ನೋಡಿದರೆ ಹೇಗೆ ಎಂದು 18 ಪ್ರಯೋಗಗಳನ್ನು ಒಟ್ಟುಗೂಡಿಸಿ ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಪರಿಶೀಲಿಸಿತ್ತು. ರೋಗಿಗಳ ತೃಪ್ತಿ ನರ್ಸ್‌ಗಳ ಕಡೆಗೇ ತುಸು ಹೆಚ್ಚಿರಬಹುದು, ಅವರು ಒಬ್ಬೊಬ್ಬರಿಗೆ ಕೊಡುವ ಹೊತ್ತೂ ಹೆಚ್ಚಿರಬಹುದು ಎಂದು ಅದು ಹೇಳಿತು. ಆ ಪ್ರಯೋಗಗಳು ಬಹುತೇಕ ಶ್ರೀಮಂತ ದೇಶಗಳವು. ನಮ್ಮೂರಿನ ಲೆಕ್ಕಕ್ಕೆ ಹಾಗೇ ಇಳಿಸಲಾಗದು. ಆದರೆ ಹೊತ್ತು ಕೊಡುವುದು ನಮ್ಮ ಕೈಯಲ್ಲೂ ಇದೆ.

ಆ ಹೊತ್ತನ್ನು ಬಿಪಿ ನೋಡುವಾಗಲೇ ಕೊಡಿ. ಬಿಸಿಲಲ್ಲಿ ನಡೆದು ಬಂದ ಅಜ್ಜಿಗೆ ಕೂಡಲೇ ಪಟ್ಟಿ ಸುತ್ತಬೇಡಿ. ಐದು ನಿಮಿಷ ಕುರ್ಚಿಗೆ ಬೆನ್ನು ಆನಿಸಿ ಕೂರಲಿ, ಪಾದ ನೆಲಕ್ಕೆ ಊರಿರಲಿ. ಈಗಷ್ಟೇ ಚಹಾ ಕುಡಿದಿದ್ದರೆ, ತಂಬಾಕು ಹಾಕಿದ್ದರೆ ಅರ್ಧ ಗಂಟೆ ಕಾಯಿರಿ. ಬಿಗಿಯಾದ ಕುಪ್ಪಸದ ತೋಳಿನ ಮೇಲೆ ಪಟ್ಟಿ ಕಟ್ಟಬಾರದು; ಪರದೆ ಎಳೆದು, ಕೇಳಿ, ತೋಳು ಬಿಡಿಸಿಕೊಳ್ಳಿ. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಯಂತ್ರ ನಡೆಯುವಾಗ ನೀವೂ ಮಾತಾಡಬೇಡಿ. ಬಂದ ಅಂಕಿಯನ್ನು ಅವರಿಗೇ ತೋರಿಸಿ, ಕಾರ್ಡಿನಲ್ಲಿ ಬರೆದು, ಹೋದ ಸಲದ್ದರ ಪಕ್ಕ ಇಟ್ಟು ಹೇಳಿ. 140/90 ದಾಟಿದ್ದರೆ ‘ಜಾಸ್ತಿ ಐತಿ’ ಎಂದು ಹೆದರಿಸಿ ಕಳಿಸದೆ ಮತ್ತೊಮ್ಮೆ ನೋಡಿ, ಇನ್ನೊಂದು ದಿನ ಕರೆಸಿ, ವೈದ್ಯಾಧಿಕಾರಿಗೆ ತೋರಿಸಿ. ಊಟದ ಮಾತಿಗೆ ಬಂದರೆ ‘ಉಪ್ಪು ಕಡಿಮೆ ಮಾಡ್ರಿ’ ಅಂದರೆ ಸಾಲದು. ರೊಟ್ಟಿ ಜೊತೆ ಉಪ್ಪಿನಕಾಯಿ ಎಷ್ಟು, ಸಂಜೆ ಮಿರ್ಚಿ-ವಗ್ಗರಣಿ ವಾರಕ್ಕೆ ಎಷ್ಟು ಸಲ ಎಂದು ಕೇಳಿ.

ಇನ್ನು ಸೂಜಿ. ‘ಒಂದು ಇಂಜೆಕ್ಷನ್ ಮಾಡ್ರಿ, ಸಲೈನ್ ಹಚ್ರಿ’ ಎಂದು ಕೂರುವವರನ್ನು ‘ಬೇಕಾಗಿಲ್ಲ’ ಎಂಬ ಒಂದೇ ಮಾತಲ್ಲಿ ಎಬ್ಬಿಸಿದರೆ ನೇರ ಇನ್ನೊಬ್ಬರ ಬಳಿ ಹೋಗಿ ಚುಚ್ಚಿಸಿಕೊಳ್ಳುತ್ತಾರೆ. ಸೂಜಿ ಕೇಳುವವರು ನಿಜಕ್ಕೂ ಕೇಳುತ್ತಿರುವುದು ‘ನನ್ನ ಸಂಕಟ ನಿಮಗೆ ತಿಳಿಯಿತಾ’ ಎಂದು ಅಂತ ನನ್ನ ನಂಬಿಕೆ. ಹಾಗಾಗಿ ಮೈ ಮುಟ್ಟಿ ನೋಡಿ, ಜ್ವರ ಅಳೆದು, ಮುಂದೇನಾಗುತ್ತದೆ ಎಂದು ಹೇಳಿ: ಗುಳಿಗೆಯಿಂದ ಜ್ವರ ಇಳಿಯುತ್ತದೆ, ರಾತ್ರಿ ಮತ್ತೆ ಏರಬಹುದು, ಏರಿದರೆ ಗಾಬರಿ ಬೇಡ, ನೀರು, ಗಂಜಿ ಹೊಟ್ಟೆಗೆ ನಿಲ್ಲದಿದ್ದರೆ, ಉಸಿರಿಗೆ ತ್ರಾಸಾದರೆ ಕಾಯದೆ ಬನ್ನಿ. ಮರುದಿನ ಫೋನ್ ಮಾಡಿ. ಆ ಒಂದು ಫೋನಿಗೆ ಇರುವ ಬೆಲೆ ನಮ್ಮಲ್ಲಿನ ಯಾವ ಔಷಧಿಗೂ ಇಲ್ಲ.

ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆಯಾದ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಸಂಪರ್ಕಿಸುವಾಗ ತೆರೆಯನ್ನು ರೋಗಿಯ ಕಡೆಗೇ ತಿರುಗಿಸಿ. ಡಾಕ್ಟರ ಮುಖ ಕಾಣಲಿ, ತಮ್ಮ ನೋವನ್ನು ರೋಗಿಯೇ ಹೇಳಲಿ. ನಂತರ ಡಾಕ್ಟರ್ ಹೇಳಿದ್ದನ್ನು ನಮ್ಮ ಮಾತಲ್ಲಿ ಇನ್ನೊಮ್ಮೆ ಹೇಳುವುದು ನಿಮ್ಮ ಕೆಲಸ.

ಸಿಂಧನೂರಿಗೋ ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಕಳಿಸುವಾಗ ಚೀಟಿಯಲ್ಲಿ ಏನು ಕಂಡಿತು, ಏನು ಕೊಟ್ಟೆ ಎಂದು ಬರೆಯಿರಿ. ಆಧಾರ್, ರೇಷನ್ ಕಾರ್ಡ್ ಒಯ್ಯಲು ಹೇಳಿ. ಎದೆನೋವು, ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಚೀಟಿಗೆ ಕಾಯದೆ 108ಕ್ಕೆ ಕರೆ ಮಾಡಿ. ಅಲ್ಲಿಂದ ತಿರುಗಿ ಬಂದವರ ಕಾಗದ ಕೂತು ಓದಿ ತಿಳಿಸಿ. ದೊಡ್ಡಾಸ್ಪತ್ರೆಯ ಗದ್ದಲದಲ್ಲಿ ಕೇಳಲಾಗದ್ದನ್ನೆಲ್ಲ ಅವರು ಇಲ್ಲಿ ಕೇಳುತ್ತಾರೆ.

ವೇಳೆಯೂ ನೋಡಬೇಕು. ನಾಟಿ ಹಚ್ಚುವ ದಿನಗಳಲ್ಲಿ ಹೆಣ್ಣಾಳುಗಳು ಬೆಳಕು ಹರಿಯುವ ಮೊದಲೇ ಟಂಟಂ ಹತ್ತಿರುತ್ತಾರೆ. ಆಗ ಆಶಾ ಕಾರ್ಯಕರ್ತೆಯ ಜೊತೆ ಸಂಜೆ ಗುಡಿಕಟ್ಟೆಗೆ ಹೋಗಿ ಬಿಪಿ, ಶುಗರ್ ನೋಡಿ.

ಜನರಿಗೆ ಸಮಾಧಾನವಾಗಿದೆಯೇ ಎಂದು ಅವರನ್ನೇ ಕೇಳಿದರೆ ‘ಚೊಲೊ ನೋಡ್ತೀರಿ ಬಿಡ್ರಿ’ ಅನ್ನುತ್ತಾರೆ. ಎದುರಿಗೆ ಮತ್ತೇನು ಅಂದಾರು? ಅದರ ಬದಲು ‘ಈ ಗುಳಿಗಿ ಯಾವಾಗ ತಗೋತೀರಿ, ನನಗ ಹೇಳ್ರಿ’ ಎಂದು ಕೇಳಿ. ಉತ್ತರ ತಪ್ಪಿದರೆ ನಾವು ಹೇಳಿದ್ದು ಮುಟ್ಟಿಲ್ಲ. ತಿಂಗಳ ಕೊನೆಗೆ ರಿಜಿಸ್ಟರ್ ತೆಗೆದು, ಬಿಪಿ ಗುಳಿಗೆಗೆ ಬರುವುದು ಬಿಟ್ಟವರ ಹೆಸರು ಆಶಾಗೆ ಕೊಟ್ಟು, ಯಾಕೆ ಬಿಟ್ಟರು ಎಂದು ಕೇಳಿಸಿ. ‘ಹೋದಾಗ ಗುಳಿಗಿ ಇರಲಿಲ್ಲ’ ಎಂಬ ಉತ್ತರ ಹೆಚ್ಚು ಬಂದರೆ ಬೇಡಿಕೆ ಪಟ್ಟಿಯನ್ನು ದಾಸ್ತಾನು ಮುಗಿಯುವ ಮೊದಲೇ ಕಳಿಸಿ, ಗುಳಿಗೆ ಬಂದ ದಿನ ಅವರ ಮನೆಗೆ ಹೇಳಿ ಕಳಿಸಿ.