ದೊಡ್ಡಪತ್ರೆ: ಎಲೆ ಕೀಳಬೇಡಿ, ತುದಿ ಚಿವುಟಿ

ದೊಡ್ಡಪತ್ರೆ ಬೇಕಾದಾಗ ಒಂದೊಂದೇ ಎಲೆ ಕೀಳುವ ಬದಲು, ಕೊಂಬೆಯ ತುದಿಯನ್ನೇ ಎರಡು ಗೆಣ್ಣು ಸೇರಿಸಿ ಚಿವುಟಿ. ತುದಿ ಹೋದರೆ ಕೆಳಗಿನ ಗೆಣ್ಣಿನ ಎರಡೂ ಕಡೆ ಚಿಗುರು ಒಡೆಯುತ್ತದೆ, ಗಿಡ ಉದ್ದುದ್ದ ಬೆಳೆದು ಬಾಗದೆ ಪೊದೆಯಾಗುತ್ತದೆ. ಈ ಎಳೆ ಎಲೆ ಚಟ್ನಿಗೆ ಬಲು ಚೆಂದ. ಎಣ್ಣೆಯಲ್ಲಿ ಬಾಡಿಸಿಯೇ ರುಬ್ಬಿ, ಹಸಿಯದಾದರೆ ಘಾಟು ಜಾಸ್ತಿ ಅಲ್ವಾ. ಎಲೆ ಬಿಡಿಸಿದ ಕಡ್ಡಿಯನ್ನು ಎಸೆಯಬೇಡಿ. ಕೆಮ್ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ಸುಮ್ನೆ ಚುಚ್ಚಿಟ್ಟರೂ ಬೇರು ಬಿಡುತ್ತದೆ, ಪಕ್ಕದ ಮನೆಯವರಿಗೂ ಕೊಡಬಹುದು. ನಮ್ಮ ಕೋಲಾರದ ಬಿಸಿಲಿಗೆ ಹೆದರುವ ಗಿಡ ಇದಲ್ಲ. ಆದರೆ ಮಳೆಗಾಲದಲ್ಲಿ ಕುಂಡದ ತೂತು ಮುಚ್ಚಿ ನೀರು ನಿಂತರೆ ಬುಡ ಕೊಳೆಯುತ್ತದೆ. ಪೂರ್ತಿ ನೆರಳಲ್ಲಿಟ್ಟ ಗಿಡಕ್ಕೂ ಈ ಉಪಾಯ ನಡೆಯುವುದಿಲ್ಲ, ಎಷ್ಟು ಚಿವುಟಿದರೂ ಚಿಗುರು ಸಣ್ಣಗೆ ಸೊರಗಿಯೇ ಬರುತ್ತದೆ.