'ಮೊದಲಿನ ಹಾಗಿಲ್ಲ' ಅನ್ನಿಸಿದಾಗ ಏನನ್ನು ಗಮನಿಸಬೇಕು

ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ 'ನನಗೆ ಡಿಪ್ರೆಶನ್' ಅಂತ ಹೇಳಿಕೊಂಡು ಬರುವುದಿಲ್ಲ. ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ಸದಾ ತಲೆನೋವು, ಮೈಕೈ ನೋವು, ಎಲ್ಲ ಟೆಸ್ಟ್ ಮಾಡಿಸಿದೆ, ರಿಪೋರ್ಟ್ ನಾರ್ಮಲ್ ಬಂತು ಅನ್ನುತ್ತಾರೆ. ಕೆಲವರು ತಾವಾಗಿ ಬರುವುದೇ ಇಲ್ಲ. ಅವರ ಬದಲು ಹೆಂಡತಿಯೋ ಅಣ್ಣನೋ ಗೆಳತಿಯೋ ಬಂದು 'ಯಾಕೋ ಮೊದಲಿನ ಹಾಗಿಲ್ಲ' ಅಂತ ಮಾತು ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

ಲಕ್ಷಣಗಳ ಪಟ್ಟಿ ಓದಿದರೆ ಎಲ್ಲರಿಗೂ ಇದು ತಮ್ಮದೇ ಕಥೆ ಅನ್ನಿಸುತ್ತದೆ. ಬೇಜಾರು, ಸುಸ್ತು, ಚಿಂತೆ ಯಾರಿಗಿಲ್ಲ ಹೇಳಿ? ಅದಕ್ಕೇ ಪಟ್ಟಿಗೆ ಕೈ ಹಾಕುವ ಮೊದಲು ನಾನು ಮೂರು ವಿಷಯ ಕೇಳುತ್ತೇನೆ. ಮೊದಲು ಹೇಗಿದ್ರಿ? ಯಾವಾಗಿನಿಂದ ಹೀಗೆ? ಇದರಿಂದ ದಿನದ ಯಾವ ಕೆಲಸ ನಿಂತುಹೋಗಿದೆ? ನಿಮ್ಮನ್ನು ನೀವೇ ನೋಡಿಕೊಳ್ಳುವಾಗಲೂ, ಮನೆಯವರನ್ನು ಗಮನಿಸುವಾಗಲೂ ಈ ಮೂರನ್ನು ಬಿಡಬೇಡಿ.

ಖಿನ್ನತೆ

ಡಿಪ್ರೆಶನ್ ಇರುವವರು ಅಳುತ್ತಾ ಕೂತಿರುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಳುವೇ ಬಾರದಂತಾಗುವುದೂ ಇದೆ. ವೈದ್ಯರು 9 ಲಕ್ಷಣಗಳನ್ನು ನೋಡುತ್ತಾರೆ: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು ಅಥವಾ ಜಾಸ್ತಿಯಾಗುವುದು, ಹಸಿವು ಇಲ್ಲವೇ ತೂಕದಲ್ಲಿ ಏರುಪೇರು, ಸುಸ್ತು, ಗಮನ ನಿಲ್ಲದಿರುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಅನ್ನಿಸುವುದು, ನಡೆನುಡಿ ನಿಧಾನವಾಗುವುದು ಅಥವಾ ಒಂದು ಕಡೆ ಕೂರಲಾಗದ ಚಡಪಡಿಕೆ, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ 5, ಅದೂ 2 ವಾರ, ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ಮೊದಲ ಎರಡರಲ್ಲಿ ಒಂದಂತೂ ಇರಲೇಬೇಕು.

ಈ ಎರಡನೆಯದು, ಆಸಕ್ತಿ ಹೋಗುವುದು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಾದಂಬರಿ ಓದುವ ಹುಚ್ಚಿದ್ದ ಒಬ್ಬರನ್ನು ಊಹಿಸಿಕೊಳ್ಳಿ. ಪುಸ್ತಕ ಈಗಲೂ ಹಾಸಿಗೆ ಪಕ್ಕದಲ್ಲೇ ಇದೆ. ರಾತ್ರಿ ಕೈಗೆ ತೆಗೆದುಕೊಳ್ಳುತ್ತಾರೆ, ಕನ್ನಡಕ ಹಾಕಿಕೊಳ್ಳುತ್ತಾರೆ. ಆದರೆ ಗುರುತಿಗೆ ಇಟ್ಟ ಚೀಟಿ ಮೂರು ವಾರದಿಂದ ಅದೇ ಪುಟದಲ್ಲಿದೆ. ಒಂದೇ ಪ್ಯಾರಾ ಮತ್ತೆ ಮತ್ತೆ ಓದುತ್ತಾರೆ, ತಲೆಗೆ ಹೋಗುವುದಿಲ್ಲ. ಮನೆಯವರಿಗೆ ಮಾತ್ರ 'ಓದ್ತಾ ಇದ್ದಾರೆ' ಅಂತಲೇ ಕಾಣುತ್ತದೆ. ನೀವು ನೋಡಬೇಕಾದ್ದು ಆ ಚೀಟಿಯನ್ನು. ಬೇರೆಯವರ ಮನೆಯಲ್ಲಿ ಅದು ಶ್ರುತಿ ತಪ್ಪಿದ ಗಿಟಾರ್ ಇರಬಹುದು, ಒಣಗಿದ ಕುಂಡಗಳಿರಬಹುದು, ಉತ್ತರ ಕೊಡದೆ ಬಿಟ್ಟ ಮೆಸೇಜ್‌ಗಳಿರಬಹುದು.

ನಿದ್ದೆಯನ್ನೂ ಗಮನಿಸಿ. ಮಲಗಿದ ಮೇಲೆ ನಿದ್ದೆ ಹತ್ತದಿರುವುದು ಒಂದು. ಬೆಳಗಿನ ಜಾವ 3 ಅಥವಾ 4 ಗಂಟೆಗೆ ಎಚ್ಚರವಾಗಿ, ಮತ್ತೆ ನಿದ್ದೆಯೇ ಬಾರದೆ, ಹಳೆಯ ತಪ್ಪುಗಳೆಲ್ಲ ಸಾಲಾಗಿ ನೆನಪಾಗುವುದು ಇನ್ನೊಂದು. ಈ ಎರಡನೆಯದನ್ನು ಕೇಳಿದಾಗ ನಾನು ಹೆಚ್ಚು ಎಚ್ಚರವಾಗುತ್ತೇನೆ. ಕೆಲವರಿಗೆ ಬೆಳಿಗ್ಗೆ ತುಂಬಾ ಭಾರ, ಸಂಜೆ ಹೊತ್ತಿಗೆ ಸ್ವಲ್ಪ ಹಗುರ. ಗಂಡಸರಲ್ಲಿ, ಹದಿಹರೆಯದವರಲ್ಲಿ ದುಃಖಕ್ಕಿಂತ ಸಿಡುಕು ಮೊದಲು ಕಾಣಬಹುದು. ಸಣ್ಣ ಮಕ್ಕಳು ಹೊಟ್ಟೆನೋವು ಅನ್ನುತ್ತಾರೆ, ಶಾಲೆ ಬೇಡ ಅನ್ನುತ್ತಾರೆ. ವಯಸ್ಸಾದವರು 'ಮರೆವು ಜಾಸ್ತಿಯಾಗಿದೆ' ಅನ್ನುತ್ತಾರೆ. ಆಫೀಸಿನಲ್ಲಿ ನಗುತ್ತಾ ಕೆಲಸ ಮುಗಿಸಿ, ಮನೆಗೆ ಬಂದು ಶೂ ಕೂಡ ಬಿಚ್ಚದೆ ಗಂಟೆಗಟ್ಟಲೆ ಸುಮ್ನೆ ಕೂರುವವರೂ ಇದ್ದಾರೆ. ಕೆಲಸ ಸರಿಯಾಗಿ ಮಾಡುತ್ತಿದ್ದಾರೆ ಅಂದಮಾತ್ರಕ್ಕೆ ಚೆನ್ನಾಗಿದ್ದಾರೆ ಅಂದುಕೊಳ್ಳಬೇಡಿ.

ಇದರ ಇನ್ನೊಂದು ರೂಪ ಅಷ್ಟು ತೀವ್ರವಲ್ಲ, ಆದರೆ 2 ವರ್ಷಕ್ಕೂ ಹೆಚ್ಚು ಕಾಲ ಎಳೆಯುತ್ತದೆ. ಅಂಥವರು 'ನನ್ನ ಸ್ವಭಾವವೇ ಹೀಗೆ' ಅಂತ ಒಪ್ಪಿಕೊಂಡುಬಿಟ್ಟಿರುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ ಅಂತ ಹೇಳಿದಾಗ ಅವರ ಮುಖದಲ್ಲಿ ಕಾಣುವ ಆಶ್ಚರ್ಯ ನೋಡಿ ನನಗೆ ಪ್ರತಿಸಲವೂ ಸಂಕಟವಾಗುತ್ತದೆ.

ತೀರಿಕೊಂಡವರಿಗಾಗಿ ಪಡುವ ದುಃಖ ಬೇರೆ. ಅದು ಬಿಟ್ಟುಬಿಟ್ಟು ಉಕ್ಕಿ ಬರುತ್ತದೆ, ನಡುವೆ ಒಂದು ಹಳೆಯ ನೆನಪಿಗೆ ನಗುವೂ ಬರುತ್ತದೆ. 'ನಾನು ಕೆಲಸಕ್ಕೆ ಬಾರದವನು' ಅನ್ನುವ ಭಾವನೆ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೆ ವಿಚಾರಿಸಬೇಕು.

ಆತಂಕ

ನಾಳೆ ಪರೀಕ್ಷೆ ಇದ್ದರೆ ಇಂದು ಆತಂಕವಾಗುವುದು ಸಹಜ. ಪರೀಕ್ಷೆ ಮುಗಿದ ಕೂಡಲೇ ಚಿಂತೆ ಫಲಿತಾಂಶಕ್ಕೆ, ಅಲ್ಲಿಂದ ಅಪ್ಪನ ಆರೋಗ್ಯಕ್ಕೆ, ಅಲ್ಲಿಂದ ಸಾಲಕ್ಕೆ ಹಾರುತ್ತಲೇ ಇದ್ದರೆ, 6 ತಿಂಗಳು ಹೀಗೇ ನಡೆದರೆ, ಅದನ್ನು ಆತಂಕದ ಕಾಯಿಲೆ ಅಂತ ಪರಿಗಣಿಸುತ್ತಾರೆ. ದೇಹದಲ್ಲೂ ಅದು ಕಾಣುತ್ತದೆ: ಬಿಗಿದ ದವಡೆ, ನೋಯುವ ಭುಜ, ಬೆಚ್ಚಿಬೀಳುವುದು. 'ಏನೂ ಆಗಲ್ಲ ಅಲ್ವಾ?' ಅಂತ ಒಂದೇ ಪ್ರಶ್ನೆಯನ್ನು ಮೂರು ಜನರ ಹತ್ತಿರ ಕೇಳುವುದನ್ನು ನಾನು ಮುಖ್ಯ ಗುರುತು ಅಂತ ಎಣಿಸುತ್ತೇನೆ.

ಪ್ಯಾನಿಕ್ ಅಟ್ಯಾಕ್ ಬೇರೆ ಥರ. ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಸಿಕ್ಕಿಕೊಂಡಂತೆ, ಕೈ ನಡುಕ, ಬೆವರು, ಈಗಲೇ ಸಾಯುತ್ತೇನೆ ಅನ್ನುವ ಭಯ. ಕೆಲವೇ ನಿಮಿಷಗಳಲ್ಲಿ ತಾರಕಕ್ಕೇರಿ ಆಮೇಲೆ ಇಳಿಯುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮೊದಲ ಸಲ ಎದೆನೋವು ಬಂದಾಗ 'ಇದು ಪ್ಯಾನಿಕ್ಕೇ' ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ ಹೃದಯ ಪರೀಕ್ಷೆ ಮಾಡಿಸಿ.

ಒಂದೇ ಯೋಚನೆ ಅಥವಾ ತೊಳೆಯುವ, ಎಣಿಸುವ, ಮತ್ತೆ ಮತ್ತೆ ನೋಡುವ ಕೆಲಸ ದಿನಕ್ಕೆ 1 ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ ಅದು ಓಸಿಡಿ, ಅಂದರೆ ಗೀಳು ಕಾಯಿಲೆ, ಇರಬಹುದು. ಅಪಘಾತ ಅಥವಾ ದೌರ್ಜನ್ಯದ ನಂತರ ಕೆಟ್ಟ ಕನಸು, ಬೆಚ್ಚುವುದು, ಆ ಜಾಗದ ಕಡೆಗೇ ಹೋಗದಿರುವುದು 1 ತಿಂಗಳು ದಾಟಿದರೂ ಬಿಡದಿದ್ದರೆ ಪರಿಣತರನ್ನು ಕಾಣಲೇಬೇಕು.

ತನ್ನ ಬಗ್ಗೆ ತನಗಿರುವ ಕೀಳರಿಮೆ

ಇದು ಕಾಯಿಲೆಗಳ ಪಟ್ಟಿಯಲ್ಲಿ ಇಲ್ಲ. ಆದರೂ ಎಷ್ಟೋ ಕಾಯಿಲೆಗಳ ಜೊತೆ ಬರುತ್ತದೆ. ಒಂದು ಮೆಸೇಜ್ ನೋಡಿ: 'ಸಾರಿ ಸರ್, ತೊಂದರೆ ಕೊಡ್ತಿದ್ದೀನಿ, ನಿಮಗೆ ಟೈಮ್ ಇದ್ರೆ ಮಾತ್ರ ನೋಡಿ, ಆಗದಿದ್ರೆ ಪರವಾಗಿಲ್ಲ, ಸಾರಿ.' ಕೇಳುತ್ತಿರುವುದೇನು? ತನಗೆ ಬರಬೇಕಾದ ಸಂಬಳದ ಬಗ್ಗೆ. ನಾಲ್ಕು ಸಲ ಬರೆದು ಅಳಿಸಿ, ಕಳಿಸಿದ ಮೇಲೆ ಉತ್ತರ ಬರುವ ತನಕ ಫೋನ್ ಕೆಳಗಿಡದೆ ಕೂತಿರುತ್ತಾರೆ.

ಹೊಗಳಿದಾಗ ಏನು ಮಾಡುತ್ತಾರೆ ನೋಡಿ. 'ಅಯ್ಯೋ, ಅದೇನು ದೊಡ್ಡ ವಿಷಯ, ಅದೃಷ್ಟ ಚೆನ್ನಾಗಿತ್ತು.' ಬೈಗುಳವನ್ನು ಮಾತ್ರ ವರ್ಷಗಟ್ಟಲೆ ಅಕ್ಷರ ಬಿಡದೆ ನೆನಪಿಟ್ಟಿರುತ್ತಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಅರ್ಹತೆ ಇದ್ದರೂ ಅರ್ಜಿ ಹಾಕುವುದಿಲ್ಲ. ಕೆಲವರಲ್ಲಿ ಇದೇ ತಿರುಗಿ ಬಡಾಯಿಯಾಗಿ, ಸಣ್ಣ ಟೀಕೆಗೂ ಉರಿದುಬೀಳುವ ಕೋಪವಾಗಿ ಕಾಣುತ್ತದೆ. ಅದನ್ನು ಅಹಂಕಾರ ಅಂತ ತಳ್ಳಿಹಾಕುವುದು ಸುಲಭ, ಆದರೆ ಆ ಮನುಷ್ಯನಿಗೆ ಅದರಿಂದ ಯಾವ ಸಹಾಯವೂ ಆಗುವುದಿಲ್ಲ. ಚೆನ್ನಾಗಿ ಸಾಧಿಸಿದವರೂ 'ಒಂದು ದಿನ ನನ್ನ ಬಂಡವಾಳ ಬಯಲಾಗುತ್ತದೆ' ಅಂತ ಹೆದರುತ್ತಾರೆ. 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಸಾಧಕ ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು.

ಇದನ್ನೂ ಖಿನ್ನತೆಯನ್ನೂ ಬೇರೆ ಮಾಡುವುದು ಹೇಗೆ? ಮತ್ತೆ ಅದೇ ಪ್ರಶ್ನೆ: ಯಾವಾಗಿನಿಂದ? 'ನೆನಪಿರುವ ಕಾಲದಿಂದಲೂ ಹೀಗೇ' ಅಂದರೆ ಹಳೆಯ ಕೀಳರಿಮೆ. ಅದರ ಬೇರು ಹುಡುಕಿ ನಿಧಾನವಾಗಿ ಕೆಲಸ ಮಾಡಬೇಕು. 'ಕಳೆದ ವರ್ಷದ ತನಕ ಧೈರ್ಯವಾಗಿದ್ದೆ, ಈಗ ನಾನು ಯಾರಿಗೂ ಬೇಡ ಅನ್ನಿಸುತ್ತದೆ' ಅಂದರೆ ಅದು ಖಿನ್ನತೆ ಆಡಿಸುತ್ತಿರುವ ಮಾತು ಇರಬಹುದು. ಖಿನ್ನತೆ ಇಳಿದ ಹಾಗೆ ಆ ಭಾವನೆಯೂ ಇಳಿಯುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಬರೆದಿಡಿ, ಅಳೆಯಿರಿ

2 ವಾರ ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎಚ್ಚರವಾಯಿತು, ಇವತ್ತು ಯಾವ ಕೆಲಸ ತಪ್ಪಿಸಿದೆ, ಯಾರನ್ನು ಭೇಟಿಯಾಗದೆ ಬಿಟ್ಟೆ. ಇಷ್ಟು ಸಾಕು, ಉದ್ದದ ಡೈರಿ ಬೇಡ.

ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ. ಹಿಂದಿನ 2 ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಆತಂಕಕ್ಕೆ ಜಿಎಡಿ-7 ಇದೆ, ಒಟ್ಟು 21, ಅಲ್ಲೂ 10 ಬಂದರೆ ಹೋಗಿ ಕಾಣಬೇಕು. ಇವು ಸುಳಿವು ಕೊಡುತ್ತವೆ ಅಷ್ಟೇ, ಕಾಯಿಲೆ ಯಾವುದು ಅಂತ ಹೇಳುವುದು ವೈದ್ಯರ ಕೆಲಸ. ಪಿಎಚ್‌ಕ್ಯೂನ 9ನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಕಡಿಮೆಯಿದ್ದರೂ, ಯಾರಿಗಾದರೂ ಹೇಳಲೇಬೇಕು.

ಇನ್ನೊಬ್ಬರ ಬಗ್ಗೆ ಗಾಬರಿಯಿದ್ದರೆ ಕಾಯಿಲೆಯ ಹೆಸರು ಎತ್ತಬೇಡಿ, ಕಂಡದ್ದನ್ನು ಹೇಳಿ. 'ಮೂರು ವಾರದಿಂದ ನೀನು ಆಟಕ್ಕೆ ಬಂದಿಲ್ಲ, ರಾತ್ರಿಯೆಲ್ಲ ಆನ್‌ಲೈನ್ ಇರ್ತೀಯ, ಏನಾಗ್ತಿದೆ?' ಆಮೇಲೆ ಸುಮ್ಮನಿರಿ, ಅವರು ಮಾತಾಡಲಿ. ತಾನು ಎಲ್ಲರಿಗೂ ಭಾರ ಅನ್ನುತ್ತಿದ್ದರೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದರೆ, 'ಸಾಯುವ ಯೋಚನೆ ಬರ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅಪಾಯ ಮಾಡಿಕೊಳ್ಳಬಹುದಾದ ವಸ್ತುಗಳನ್ನು ದೂರ ಇಡಿ, ನೀವಿರುವ ಕಡೆಯ ತುರ್ತು ಸಂಖ್ಯೆಗೆ ಅಥವಾ ಸಹಾಯವಾಣಿಗೆ ಆಗಲೇ ಫೋನ್ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ, ಎದುರಿಗೆ ಕೂತಾಗ ಎಲ್ಲ ಮರೆತುಹೋಗುತ್ತದೆ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆಯಾದರೂ ಖಿನ್ನತೆಯ ಹಾಗೇ ಕಾಣಬಹುದು, ಆದ್ದರಿಂದ ರಕ್ತಪರೀಕ್ಷೆ ಬೇಕಾ ಅಂತ ಕೇಳಿ. ಕುಡಿಯುವ ಅಭ್ಯಾಸ ಮುಚ್ಚಿಡಬೇಡಿ. ಹಿಂದೆ ಯಾವಾಗಾದರೂ ಕೆಲವು ದಿನ ನಿದ್ದೆಯಿಲ್ಲದೆಯೂ ಸುಸ್ತಾಗದೆ, ವಿಪರೀತ ಮಾತು, ವಿಪರೀತ ಖರ್ಚು ಮಾಡಿದ್ದರೆ ಅದನ್ನು ತಪ್ಪದೆ ಹೇಳಿ. ಅದು ಬೈಪೋಲಾರ್‌ನ, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆಯ, ಸುಳಿವಾಗಿರಬಹುದು, ಆಗ ಕೊಡುವ ಔಷಧಿಯೇ ಬೇರೆ. ಮಾತ್ರೆ ಬರೆದುಕೊಟ್ಟರೆ ಅದು ಕೆಲಸ ಶುರುಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಏನೂ ಆಗಲಿಲ್ಲ ಅಂತ ನೀವಾಗಿ ನಿಲ್ಲಿಸಬೇಡಿ, ತೊಂದರೆ ಅನ್ನಿಸಿದರೆ ಬರೆದುಕೊಟ್ಟವರಿಗೇ ಫೋನ್ ಮಾಡಿ ಕೇಳಿ.