ದಾವಣಗೆರೆಗೋ ದುರ್ಗಕ್ಕೋ ಶಿಫ್ಟ್ ಆಗೋ ಮುಂಚೆ, ಮನೇಲಿ ಗಾಡಿ ಬರದೇ ಇರೋರನ್ನ ಲೆಕ್ಕ ಹಾಕ್ರಿ

ಬೆಂಗಳೂರು ಸಾಕಾಗೈತೆ, ದಾವಣಗೆರೆಗೋ ಚಿತ್ರದುರ್ಗಕ್ಕೋ ಬಂದ್ಬಿಡೋಣ ಅಂತಿದೀವಿ, ಬಾಡಿಗೆ ಎಷ್ಟೈತೆ, ಸ್ಕೂಲ್ ಹೆಂಗೆ ಅಂತ ತುಂಬಾ ಜನ ಕೇಳ್ತಾರೆ. ನಾವು ದಾವಣಗೆರೆಗೆ ಬಂದು ನಾಲ್ಕು ವರ್ಷ ಆಯ್ತು. ನಾನು ಮನೆಯಿಂದಾನೇ ಕೆಲಸ ಮಾಡೋನು, ಜೊತೆಗೆ ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಎಪ್ಪತ್ತು ದಾಟಿರೋ ಅಮ್ಮ. ಬಾಡಿಗೆ, ಸ್ಕೂಲು ಎಲ್ಲಾ ಆಮೇಲೆ ನೋಡ್ಕೊಳ್ರಿ. ಮೊದಲು ಕೇಳ್ಕೋಬೇಕಾಗಿರೋದು, ನಿಮ್ಮನೇಲಿ ಗಾಡಿ ಓಡ್ಸೋಕೆ ಬರದೇ ಇರೋರು ಯಾರ್ಯಾರು, ಅವರು ಇನ್ನೊಬ್ರಿಗೋಸ್ಕರ ಕಾಯದೇ ಮನೆಯಿಂದ ಆಚೆ ಹೋಗೋಕೆ ಆಗುತ್ತಾ ಅಂತ.

ಯಾಕಂದ್ರೆ ಇಲ್ಲಿ ಎಲ್ಲರ ಹತ್ರಾನೂ ಗಾಡಿ ಐತೆ ಅನ್ನೋ ನಂಬಿಕೆ ಮೇಲೇನೇ ಊರು ಬೆಳೀತಾ ಐತೆ. ಸಿಟಿ ಬಸ್ ಇಲ್ಲ ಅಂತಲ್ಲ, ಮೇನ್ ರೋಡ್‌ಗಳಲ್ಲಿ ಓಡಾಡ್ತವೆ, ಹರಿಹರಕ್ಕಂತೂ ಬಸ್ಸಿಗೆ ಬರ ಇಲ್ಲ, ಆದ್ರೆ ಲೇಔಟ್ ಒಳಗಿಂದ ಮೇನ್ ರೋಡ್‌ವರೆಗೆ ಬರೋದೇ ಒಂದು ಪ್ರಯಾಣ. ಜಯದೇವ ಸರ್ಕಲ್, ಗಾಂಧಿ ಸರ್ಕಲ್, ಸ್ಟೇಷನ್ ಮುಂದೆ ನಿಂತ್ರೆ ಆಟೋ ಸಿಗುತ್ತೆ, ಅದೇ ಊರಾಚೆ ಹೊಸ ಲೇಔಟಲ್ಲಿ ರಾತ್ರಿ ಎಂಟೂವರೆಗೆ ನಿಂತು ನೋಡ್ರಿ.

ನಾವು ಮಾಡಿದ ತಪ್ಪು ಹೇಳ್ತೀನಿ. ಬಂದ ಹೊಸದ್ರಲ್ಲಿ ಊರಾಚೆ ಒಂದು ಹೊಸ ಲೇಔಟಲ್ಲಿ ಮನೆ ಹಿಡಿದ್ವಿ. ಮೂರು ಬೆಡ್‌ರೂಮು, ಮುಂದೆ ಎರಡು ತೆಂಗಿನ ಗಿಡ, ಕಾರ್ ನಿಲ್ಸೋಕೆ ಜಾಗ, ಬೆಂಗಳೂರಲ್ಲಿ ಕೊಡ್ತಿದ್ದ ಬಾಡಿಗೇಲಿ ಅರ್ಧಾನೂ ಇಲ್ಲ. ಎಲ್ಲರಿಗೂ ಖುಷಿ. ಬೆಂಗಳೂರಲ್ಲಿದ್ದಾಗ ಅಮ್ಮ ದಿನಾ ಸಂಜೆ ತಾನೇ ನಡ್ಕೊಂಡು ಗುಡಿಗೆ ಹೋಗಿ, ಬರ್ತಾ ಸೊಪ್ಪು ತರ್ತಿದ್ರು. ಇಲ್ಲಿ ಗುಡಿ ಮೂರು ಕಿಲೋಮೀಟರ್. ಮೊದಮೊದಲು ನನ್ನ ಕೇಳೋರು, ನಾನು ಮೀಟಿಂಗಲ್ಲಿ ಇರ್ತಿದ್ದೆ, ಆಮೇಲಾಮೇಲೆ ಕೇಳೋದೇ ಬಿಟ್ರು. ಇಡೀ ದಿನ ಟಿವಿ ಮುಂದೆ. ಮೊಣಕಾಲು ಹಿಡ್ಕೊಂಡಿರ್ಬೇಕು ಅಂತ ನಾವು ಅಂದ್ಕೊಂಡಿದ್ವಿ, ಕಾಲಿಗೆ ಏನೂ ಆಗಿರ್ಲಿಲ್ಲ. ಎಂಟು ತಿಂಗಳಿಗೆ ವಿದ್ಯಾನಗರದ ಕಡೆ ಎರಡು ಬೆಡ್‌ರೂಮಿನ ಹಳೇ ಮನೆಗೆ ಬಂದ್ವಿ, ಬಾಡಿಗೆ ಜಾಸ್ತಿ, ಜಾಗ ಕಮ್ಮಿ. ಎರಡನೇ ದಿನಾನೇ ಅಮ್ಮ ಚೀಲ ಹಿಡ್ಕೊಂಡು ಒಬ್ರೇ ಹೋಗಿ ಮೆಂತ್ಯ ಸೊಪ್ಪು ತಂದ್ರು.

ಹಂಗಾಗಿ ಮೊದಲ ಕೆಲಸ, ಈಗ ನೀವಿರೋ ಊರಲ್ಲೇ ಒಂದು ವಾರ ನೋಟ್‌ಬುಕ್ ಇಟ್ಕೊಳ್ರಿ. ಮನೇಲಿ ಯಾರು ಎಲ್ಲಿಗೆ ಹೋದ್ರು, ಎಷ್ಟೊತ್ತಿಗೆ, ಹೆಂಗೆ ಹೋದ್ರು, ಎಲ್ಲಾ ಬರೀರಿ. ಹಾಲಿಗೆ ಹೋಗಿದ್ದು, ಟ್ಯೂಷನ್ನು, ಬಿಪಿ ಮಾತ್ರೆ, ಜೆರಾಕ್ಸು, ಯಾವುದೂ ಬಿಡಬೇಡ್ರಿ. ವಾರದ ಕೊನೆಗೆ ಪ್ರತಿಯೊಂದರ ಮುಂದೆ, ಹೊಸ ಊರಲ್ಲಿ ಇದಕ್ಕೆ ಯಾರು ಕರ್ಕೊಂಡು ಹೋಗ್ಬೇಕು ಅಂತ ಹೆಸರು ಹಾಕ್ರಿ. ಬರೀ ಒಬ್ರ ಹೆಸರೇ ಬರ್ತಾ ಇದ್ರೆ ಅವರೇ ನಿಮ್ಮನೆ ಡ್ರೈವರ್ ಆಗ್ತಾರೆ, ಉಳಿದೋರು ಅವರಿಗೆ ಪುರುಸೊತ್ತು ಸಿಗೋವರೆಗೂ ಬಾಗಿಲ ಹತ್ರ ಕೂತಿರ್ತಾರೆ.

ದುಡ್ಡಿನ ಲೆಕ್ಕಾನೂ ಅದೇ ನೋಟ್‌ಬುಕ್ಕಿಂದ ಬರುತ್ತೆ. ದಿನಕ್ಕೆ 20 ಕಿಲೋಮೀಟರ್ ಅಂದ್ರೆ ತಿಂಗಳಿಗೆ 600. ಲೀಟರಿಗೆ 45 ಕೊಡೋ ಸ್ಕೂಟರಿಗೆ 13-14 ಲೀಟರ್ ಪೆಟ್ರೋಲು, 15 ಕೊಡೋ ಕಾರಿಗೆ 40 ಲೀಟರ್. ಲೀಟರ್ 100 ರೂಪಾಯಿ ಅಂತ ಹಿಡಿದ್ರೂ ಕಾರಿಗೆ 4,000, ಇನ್ಶೂರೆನ್ಸು, ಸರ್ವಿಸು, ಟೈರು ಬೇರೆ. ಮನೆಗೆ ಇನ್ನೊಂದು ಗಾಡಿ ತಗೊಳ್ಳೋದು ಖಾತ್ರಿ ಇದ್ರೆ ಬಾಡಿಗೇಲಿ ಉಳೀತು ಅಂತ ಈಗ್ಲೇ ಖುಷಿಪಡಬೇಡ್ರಿ, ಉಳಿದಿದ್ದು ಅದಕ್ಕೇ ಹೋಗುತ್ತೆ.

ಲೈಸೆನ್ಸ್ ಇಲ್ದೋರಿಗೆ ಬರೋ ಮುಂಚೇನೇ ಮಾಡಿಸ್ರಿ. ಎಲ್‌ಎಲ್ಆರ್ ಅಂದ್ರೆ ಕಲಿಯೋರ ಲೈಸೆನ್ಸು ಆರು ತಿಂಗಳು ನಡೆಯುತ್ತೆ, 30 ದಿನ ಆದ್ಮೇಲೆ ಟೆಸ್ಟ್ ಕೊಡಬಹುದು. ನನ್ನ ಹೆಂಡತಿ ಮೂವತ್ತೊಂಬತ್ತಕ್ಕೆ ಸ್ಕೂಟಿ ಕಲಿತಳು, ದಿನಾ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಹೋಗಿ, ಮೂರು ವಾರ. ಈ ಊರು ಅವಳಿಗೆ ಹಿಡಿಸಿದ್ದೇ ಆಮೇಲೆ. ಬೆಂಗಳೂರಿನ ಗಾಡಿ ತಂದ್ರೆ ನಂಬರ್ ಬದಲಾಯಿಸಬೇಕಿಲ್ಲ, ನಮ್ಮ ರಾಜ್ಯದ್ದೇ ಆಗಿದ್ರೆ ಆರ್‌ಸಿಲಿ ಅಡ್ರೆಸ್ ಚೇಂಜ್ ಮಾಡಿಸಿದ್ರೆ ಸಾಕು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳ್ತೀನಿ. ಇಲ್ಲಿ ಪಿಯುಸಿ ಹುಡುಗ್ರು, ಹೈಸ್ಕೂಲ್ ಮಕ್ಕಳೂ ಸ್ಕೂಟಿ ಓಡಿಸ್ತಾವೆ, ಎಲ್ಲರೂ ಕೊಡ್ತಾರೆ ನೀವೂ ಕೊಡಿ ಅಂತಾರೆ. ಕೊಡಬೇಡ್ರಿ. 16 ತುಂಬಿದ್ರೂ 50 ಸಿಸಿ ಒಳಗಿನ ಗೇರ್ ಇಲ್ದಿರೋ ಗಾಡಿಗೆ ಮಾತ್ರ ಲೈಸೆನ್ಸು, ಆಕ್ಟಿವಾ ಅದರ ಡಬಲ್ ಐತೆ. 2019ರಲ್ಲಿ ಕಾನೂನು ತಿದ್ದುಪಡಿ ಆದ್ಮೇಲೆ ಅಪ್ರಾಪ್ತರು ಓಡಿಸಿ ಸಿಕ್ಕಿಹಾಕ್ಕೊಂಡ್ರೆ ಅಪ್ಪ-ಅಮ್ಮಂಗೆ 25,000 ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ದಂಡಕ್ಕಿಂತ ಮಗು ದೊಡ್ಡದು ಅಲ್ವಾ. ಅದಕ್ಕೇ ಸ್ಕೂಲು, ಟ್ಯೂಷನ್ನು ನಡಿಯೋ ಅಥವಾ ಸೈಕಲ್ ತುಳಿಯೋ ದೂರದಲ್ಲಿ ಇರ್ಬೇಕು, ಇಲ್ಲಾಂದ್ರೆ ಸ್ಕೂಲ್ ವ್ಯಾನು ಮನೆ ಹತ್ರ ಬರುತ್ತಾ ಅಂತ ಮನೆ ಒಪ್ಕೊಳ್ಳೋ ಮುಂಚೆ ಕೇಳ್ಬೇಕು.

ಏರಿಯಾ ಮೊದಲು, ಮನೆ ಆಮೇಲೆ. ಪಿ.ಜೆ. ಬಡಾವಣೆ, ಎಂಸಿಸಿ ಎ ಬ್ಲಾಕು ಬಿ ಬ್ಲಾಕು, ವಿದ್ಯಾನಗರ ಇಂಥ ಕಡೆ ಬಾಡಿಗೆ ಜಾಸ್ತಿ, ಆದ್ರೆ ಅಂಗಡಿ, ಡಾಕ್ಟರು, ಮೆಡಿಕಲ್ ಶಾಪು ನಡ್ಕೊಂಡು ಹೋಗೋ ದೂರದಲ್ಲೇ ಸಿಗ್ತವೆ. ಇನ್ನೊಂದು, ಊರ ಮಧ್ಯೆ ರೈಲ್ವೆ ಲೈನ್ ಹೋಗೈತೆ, ಮ್ಯಾಪಲ್ಲಿ ಒಂದೂವರೆ ಕಿಲೋಮೀಟರ್ ಅಂತ ತೋರಿಸೋದು ಲೈನ್ ಆ ಕಡೆ ಇದ್ರೆ ಬೆಳಿಗ್ಗೆ ಒಂಬತ್ತಕ್ಕೆ ಬೇರೆ ಲೆಕ್ಕಾನೇ ಆಗುತ್ತೆ, ಖುದ್ದಾಗಿ ಹೋಗಿ ನೋಡ್ರಿ, ಮಳೆ ಬಂದಾಗ ಅಂಡರ್‌ಪಾಸಲ್ಲಿ ನೀರು ನಿಲ್ಲುತ್ತಾ ಅಂತ ಅಕ್ಕಪಕ್ಕದ ಅಂಗಡಿಯೋರನ್ನ ಕೇಳ್ರಿ.

ದಾವಣಗೆರೇನೋ ದುರ್ಗಾನೋ ಅನ್ನೋರಿಗೆ ನನ್ನ ಅಭಿಪ್ರಾಯ. ಎರಡರ ನಡುವೆ ಹೆದ್ದಾರೀಲಿ ಸುಮಾರು 60 ಕಿಲೋಮೀಟರ್. ಬೆಂಗಳೂರಿಗೆ ದುರ್ಗ ಹತ್ತಿರ, 200 ಚಿಲ್ರೆ, ದಾವಣಗೆರೆ 260ರ ಆಸುಪಾಸು. ಆದ್ರೆ ದಾವಣಗೆರೆ ಬೆಂಗಳೂರು-ಹುಬ್ಬಳ್ಳಿ ಮೇನ್ ಲೈನಲ್ಲಿ ಐತೆ, ಜನಶತಾಬ್ದಿ ನಿಲ್ಲುತ್ತೆ, 2023ರ ಜೂನಿಂದ ವಂದೇ ಭಾರತೂ ನಿಲ್ಲುತ್ತೆ. ದುರ್ಗ ಮೇನ್ ಲೈನಲ್ಲಿ ಇಲ್ಲ, ತುಂಬಾ ರೈಲಿಗೆ ಚಿಕ್ಕಜಾಜೂರಿಗೆ ಹೋಗ್ಬೇಕು, ಅಲ್ಲಿಗೆ ಹೋಗೋಕೂ ಗಾಡಿ ಬೇಕು. ಆಸ್ಪತ್ರೆ ವಿಷಯದಲ್ಲೂ ದಾವಣಗೆರೆ ಮುಂದೆ, ಎರಡು ಮೆಡಿಕಲ್ ಕಾಲೇಜು ಅದಾವೆ, ದುರ್ಗದೋರೂ ದೊಡ್ಡ ಕಾಯಿಲೆ ಅಂದ್ರೆ ಇಲ್ಲಿಗೇ ಬರ್ತಾರೆ. ದುರ್ಗ ಚಿಕ್ಕ ಊರು, ಬಿ.ಡಿ. ರೋಡ್ ಹತ್ರ ಮನೆ ಸಿಕ್ಕಿದ್ರೆ ಬಹಳಷ್ಟು ಕೆಲಸ ನಡ್ಕೊಂಡೇ ಆಗುತ್ತೆ, ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೋಗೋ ಸುಖ ಬೇರೆ. ಬೋರ್ ನೀರು ಮಾತ್ರ ಹುಷಾರು, ಆ ಜಿಲ್ಲೇಲಿ ಫ್ಲೋರೈಡ್ ಸಮಸ್ಯೆ ಐತೆ, ಕುಡಿಯೋಕೆ ಯಾವ ನೀರು, ನಲ್ಲಿ ಎಷ್ಟು ದಿನಕ್ಕೊಮ್ಮೆ ಅಂತ ಕೇಳ್ರಿ. ಎರಡು ಊರಲ್ಲೂ ವಿಮಾನ ನಿಲ್ದಾಣ ಇಲ್ಲ.

ಇಷ್ಟಾದ್ಮೇಲೆ ಒಂದು ಟ್ರಯಲ್ ಮಾಡ್ರಿ. ಡಿಸೆಂಬರಲ್ಲಿ ಬಂದು ಹವಾ ಚೆನ್ನಾಗೈತೆ ಅಂತ ಮೋಸ ಹೋಗಬೇಡ್ರಿ, ಏಪ್ರಿಲ್ ಕೊನೇಲಿ ಹದಿನೈದು ದಿನ ಬಂದಿರ್ರಿ, ಮಧ್ಯಾಹ್ನ ಒಂದಕ್ಕೆ ಸ್ಕೂಟರಲ್ಲಿ ಮಗೂನ ಹಿಂದೆ ಕೂರಿಸ್ಕೊಂಡು ಹೋದ್ರೆ ಆ ಬಿಸಿಲು ಏನು ಅಂತ ಗೊತ್ತಾಗುತ್ತೆ. ಅದ್ರಲ್ಲಿ ಮೂರು ದಿನ ಗಾಡಿ ಕೀಲಿ ಒಳಗಿಟ್ಬಿಡ್ರಿ. ಅಪ್ಪ-ಅಮ್ಮಂಗೆ ನೀವು ಏನೂ ಸಹಾಯ ಮಾಡ್ದೆ ಅವರೇ ಮಾರ್ಕೆಟಿಗೆ, ಕ್ಲಿನಿಕ್ಕಿಗೆ ಹೋಗಿ ಬರ್ಲಿ, ಶಕ್ತಿ ಯೋಜನೆ ಇರೋದ್ರಿಂದ ಸರ್ಕಾರಿ ಬಸ್ಸಲ್ಲಿ ಅಮ್ಮಂಗೆ ಟಿಕೆಟ್ ದುಡ್ಡೂ ಇಲ್ಲ. ಹೋಗಿ ಬಂದು ಅವರು ಏನ್ ಹೇಳ್ತಾರೆ ಅನ್ನೋದನ್ನ ನಿಮ್ಮ ಲೆಕ್ಕಕ್ಕಿಂತ ಮೇಲೆ ಇಟ್ಕೊಳ್ರಿ. ನಾವು ಅಮ್ಮನ್ನ ಕೇಳಿರ್ಲಿಲ್ಲ, ನಿಂಗೆ ದೊಡ್ಡ ರೂಮು ಸಿಗುತ್ತೆ ಅಂತ ಹೇಳಿದ್ವಿ ಅಷ್ಟೆ.

ಸೈಟು, ಮನೆ ತಗೊಳ್ಳೋದು ಒಂದು ಬೇಸಿಗೆ ಒಂದು ಮಳೆಗಾಲ ಬಾಡಿಗೇಲಿ ಕಳೆದ ಮೇಲೇನೇ. ಅಲ್ಲೀವರೆಗೂ ಬೆಂಗಳೂರಿನ ಮನೆ ಸ್ವಂತದ್ದಾಗಿದ್ರೆ ಬಾಡಿಗೆಗೆ ಕೊಡ್ರಿ, ಮಾರಬೇಡ್ರಿ.